ಮಲೆನಾಡಿನ ಮಳೆಗೆ ಕಾರಿನ ಟೈರು, ವೀಲು: ಅಳತೆ ತಪ್ಪದಂತೆ ಆರಿಸುವ ಬಗೆ

ರೋಹಿಣಿ ಮಳೆ ಹನಿಯುವ ಮುಂಚೆ ನಮ್ಮ ಕಡೆ ಹೆಂಚು ಕೈಯಾಡಿಸುತ್ತೇವೆ, ಸೌದೆ ಒಳಗೆ ಸೇರಿಸುತ್ತೇವೆ, ತೋಟದ ಕೊಳೆ ಔಷಧಿಗೆ ಮೈಲುತುತ್ತ, ಸುಣ್ಣ ತಂದಿಡುತ್ತೇವೆ. ಕಾರಿನ ಟೈರು ನೆನಪಾಗುವುದು ಮಾತ್ರ ಆರಿದ್ರಾ ಮಳೆ ಹಿಡಿದ ಮೇಲೆ, ಯಾವುದೋ ತಿರುವಿನಲ್ಲಿ ಗಾಡಿಯ ಹಿಂಭಾಗ ಒಮ್ಮೆ ಜಾರಿ ಎದೆ ಧಸಕ್ಕೆಂದಾಗ. ಆಗ ಶಿವಮೊಗ್ಗಕ್ಕೆ ಓಡಿ, ಅಂಗಡಿಯಲ್ಲಿ ಇದ್ದದ್ದನ್ನು ಹಾಕಿಸಿಕೊಂಡು ಬರುತ್ತೇವೆ. ಟೈರು ಹೊಸತು, ದುಡ್ಡೂ ಖರ್ಚಾಗಿದೆ, ಆದರೆ ಅದು ನಮ್ಮ ಗಾಡಿಗೆ, ನಮ್ಮ ರಸ್ತೆಗೆ ಹೊಂದುವ ಟೈರೇ ಎಂದು ಯಾರೂ ಕೇಳಿರುವುದಿಲ್ಲ.

ಇದನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಅಂಗಡಿಯವರಿಗೂ ಆಗ ಪುರುಸೊತ್ತಿರುತ್ತದೆ, ಬೇಕಾದ ಅಳತೆ ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆ ಗಾಡಿ ಓಡಿಸುವವರಿಗೆ ಟೈರಿನ ನಿಜವಾದ ಪರೀಕ್ಷೆ ಆ ನಾಲ್ಕು ತಿಂಗಳು.

ನೆಲ ಮುಟ್ಟುವ ಜಾಗ ಎಷ್ಟು ಗೊತ್ತೇ?

ಮೊದಲು ಒಂದು ಲೆಕ್ಕ. ನಾಲ್ಕು ಜನ ಕೂತ ಸಣ್ಣ ಕಾರು ಸುಮಾರು 1,200 ಕೆಜಿ ತೂಗುತ್ತದೆ ಎಂದುಕೊಳ್ಳಿ. ಒಂದು ಚಕ್ರಕ್ಕೆ 300 ಕೆಜಿ. ಗಾಳಿ 33 ಪಿಎಸ್‌ಐ ಇದ್ದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕೆಜಿ ಒತ್ತಡ. ಭಾಗಿಸಿದರೆ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ 130 ಚದರ ಸೆಂಟಿಮೀಟರು, ಬೆರಳು ಜೋಡಿಸಿ ನೆಲದ ಮೇಲೆ ಊರಿದ ಒಂದು ಕೈಯಷ್ಟು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವಾಗ ಗಾಡಿ ನೆಲವನ್ನು ಹಿಡಿದಿರುವುದು ಇಂಥ ನಾಲ್ಕು ಕೈಗಳಿಂದ ಮಾತ್ರ.

ರಸ್ತೆಯ ಮೇಲೆ 3 ಮಿಲಿಮೀಟರು ನೀರು ನಿಂತಿದೆ, ಗಾಡಿ ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುತ್ತಿದೆ ಎನ್ನಿ. 15 ಸೆಂಟಿಮೀಟರು ಅಗಲ ನೆಲ ಮುಟ್ಟುವ ಟೈರು ಒಂದು ಸೆಕೆಂಡಿಗೆ ಸುಮಾರು 10 ಲೀಟರು ನೀರನ್ನು ಪಕ್ಕಕ್ಕೆ ತಳ್ಳಬೇಕು. ಒಂದು ಸೆಕೆಂಡಿಗೆ ಒಂದು ಕೊಡ ನೀರು, ಒಂದೊಂದು ಟೈರಿಗೂ. ಆ ನೀರು ಹೋಗುವುದು ಗ್ರಿಪ್ಪಿನ ಸಾಲುಗಳಲ್ಲಿ. ಸಾಲು ಸವೆದಿದ್ದರೆ ನೀರಿಗೆ ದಾರಿಯಿಲ್ಲ, ಅದು ಟೈರಿನ ಅಡಿಗೇ ನುಗ್ಗಿ ಗಾಡಿಯನ್ನು ಎತ್ತುತ್ತದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಬ್ರೇಕು ಒತ್ತಿದರೆ ಏನೂ ಆಗುವುದಿಲ್ಲ. ಇದಕ್ಕೆ ಹೈಡ್ರೋಪ್ಲೇನಿಂಗ್ ಎನ್ನುತ್ತಾರೆ. ಮುಂದಿನದೆಲ್ಲ ಈ ಒಂದು ಕೊಡ ನೀರಿನ ಸುತ್ತಲೇ ಇದೆ.

ಮನೆಯಲ್ಲೇ ಮಾಡುವ ಕೆಲಸ: ಬರೆದುಕೊಳ್ಳಿ

ಚಾಲಕನ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕಂಪನಿ ಕೊಟ್ಟ ಟೈರಿನ ಅಳತೆ, ಹಾಕಬೇಕಾದ ಗಾಳಿ ಎರಡೂ ಅದರಲ್ಲಿವೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಈಗ ಹಾಕಿರುವ ಟೈರನ್ನು ನಂಬಬೇಡಿ, ಹಿಂದಿನವರು ಏನು ಬದಲಾಯಿಸಿದ್ದಾರೋ ತಿಳಿಯದು. ಸ್ಟಿಕ್ಕರನ್ನೂ ಗಾಡಿಯ ಪುಸ್ತಕವನ್ನೂ ನಂಬಿ.

ಉದಾಹರಣೆಗೆ 185/65 ಆರ್15 88ಎಚ್ ಎಂದಿದೆ ಎನ್ನೋಣ. 185 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65ರಷ್ಟು. ಆರ್ ಅಂದರೆ ರೇಡಿಯಲ್. 15 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 88 ಹೊರೆಯ ಸಂಕೇತ: ಒಂದು ಟೈರು 560 ಕೆಜಿ ತಡೆಯುತ್ತದೆ. ಎಚ್ ವೇಗದ ಸಂಕೇತ, ಗಂಟೆಗೆ 210 ಕಿಲೋಮೀಟರಿನವರೆಗೆ. ಟಿ ಎಂದಿದ್ದರೆ 190.

ವೇಗದ ಅಕ್ಷರಕ್ಕೆ ಜನ ಕೊಡುವ ಬೆಲೆಯನ್ನು ಹೊರೆಯ ಅಂಕೆಗೆ ಕೊಡುವುದಿಲ್ಲ. ನಮ್ಮ ಕಡೆ ಕಾರು ಬರಿ ಜನರನ್ನು ಹೊರುವುದಿಲ್ಲ. ಹಿಂದಿನ ಸೀಟು ಮಡಚಿ ಎರಡು ಮೂಟೆ ಅಡಿಕೆ, ಮೇಲೊಂದು ಗೊಬ್ಬರದ ಚೀಲ, ಜೊತೆಗೆ ಮೂರು ಜನ. ಆದ್ದರಿಂದ ಹೊರೆಯ ಅಂಕೆ ಸ್ಟಿಕ್ಕರಿನಲ್ಲಿರುವುದಕ್ಕಿಂತ ಒಂದು ಕೂಡ ಕಡಿಮೆಯಾಗಬಾರದು. ಹೆಚ್ಚಿದ್ದರೆ ಒಳ್ಳೆಯದೇ.

ಅಳತೆ ಬದಲಾಯಿಸಬೇಕೇ?

ಅಂಗಡಿಯಲ್ಲಿ ಮೊದಲು ಬರುವ ಮಾತು, "ಒಂದು ಸೈಜ್ ಅಪ್ ಮಾಡಿ ಸಾರ್, ಗ್ರಿಪ್ ಚೆನ್ನಾಗಿರುತ್ತೆ." ಒಣ ರಸ್ತೆಗೆ ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಮಳೆಗೆ ಇದು ಉಲ್ಟಾ. ಅಗಲ ಹೆಚ್ಚಾದಷ್ಟೂ ತಳ್ಳಬೇಕಾದ ನೀರು ಹೆಚ್ಚು, ಅದು ಪಕ್ಕಕ್ಕೆ ಹೋಗಬೇಕಾದ ದೂರವೂ ಹೆಚ್ಚು. ಕಿರಿದಾದ ಟೈರು ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಹಿಮ ಬೀಳುವ ದೇಶಗಳಲ್ಲೂ ಚಳಿಗಾಲದ ಟೈರು ಆರಿಸುವಾಗ ಗಾಡಿಗೆ ಒಪ್ಪುವ ಅಳತೆಗಳಲ್ಲಿ ಕಿರಿದಾದದ್ದನ್ನೇ ಹಾಕುವ ರೂಢಿ ಇದೆ.

ಕಂಪನಿಯೇ ಒಂದೇ ಗಾಡಿಗೆ ಎರಡು ಅಳತೆ ಕೊಟ್ಟಿದ್ದರೆ ನಿಮಗೆ ಆಯ್ಕೆ ಇದೆ. ಮಾರುತಿ ಸುಜುಕಿಯ ಸ್ವಿಫ್ಟ್ ನೋಡಿ: ಕೆಳಗಿನ ಮಾದರಿಗಳಿಗೆ 165/80 ಆರ್14, ಮೇಲಿನವಕ್ಕೆ 185/65 ಆರ್15. ಒಟ್ಟು ಎತ್ತರ ಲೆಕ್ಕ ಹಾಕೋಣ. 165ರ ನೂರಕ್ಕೆ 80 ಅಂದರೆ 132 ಮಿಲಿಮೀಟರು ಗೋಡೆ. ಮೇಲೆ ಕೆಳಗೆ ಸೇರಿ 264. ರಿಮ್ಮು 14 ಇಂಚು ಅಂದರೆ 355.6. ಒಟ್ಟು 619.6. ಇನ್ನೊಂದರಲ್ಲಿ ಗೋಡೆ 120.25, ಎರಡು ಸಲ 240.5, ರಿಮ್ಮು 381, ಒಟ್ಟು 621.5. ಎರಡಕ್ಕೂ ಇರುವ ವ್ಯತ್ಯಾಸ 2 ಮಿಲಿಮೀಟರು. ಇದು ಸರಿಯಾದ ಬದಲಾವಣೆಯ ಮಾದರಿ: ರಿಮ್ಮು ದೊಡ್ಡದಾದರೂ ಟೈರಿನ ಒಟ್ಟು ಎತ್ತರ ಅಲ್ಲೇ ನಿಂತಿದೆ.

ಅದೇ 15 ಇಂಚಿನ ರಿಮ್ಮಿಗೆ 205/65 ಹಾಕಿದರೆ ಒಟ್ಟು ಎತ್ತರ 647.5. ನೂರಕ್ಕೆ 4ಕ್ಕಿಂತ ಹೆಚ್ಚು. ಸ್ಪೀಡೋಮೀಟರು 100 ತೋರಿಸುವಾಗ ಗಾಡಿ ಮೊದಲಿಗಿಂತ 4 ಕಿಲೋಮೀಟರು ಜೋರಾಗಿ ಹೋಗುತ್ತಿರುತ್ತದೆ, ಏರಿನಲ್ಲಿ ಎಂಜಿನ್ ಒದ್ದಾಡುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ. ಒಟ್ಟು ಎತ್ತರ ನೂರಕ್ಕೆ 2ಕ್ಕಿಂತ ಹೆಚ್ಚು ಬದಲಾಗದಂತೆ ನೋಡಿಕೊಳ್ಳುವುದು ಕ್ಷೇಮ. ಇನ್ನೊಂದು ವಿಷಯ: ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಅಪಘಾತವಾಗಿ ವಿಮೆಗೆ ಹೋದ ದಿನ ಈ ವಿಷಯ ಎದ್ದು ಬರಬಾರದು.

ಗೋಡೆಯ ಎತ್ತರ ನಮ್ಮ ರಸ್ತೆಗೆ ಬಹಳ ಮುಖ್ಯ. 14 ಇಂಚಿನದರಲ್ಲಿ ಗೋಡೆ 132 ಮಿಲಿಮೀಟರು, 15ರಲ್ಲಿ 120, ಚೆಂದಕ್ಕೆಂದು 16 ಇಂಚಿಗೆ ಹೋಗಿ 195/55 ಹಾಕಿಸಿದರೆ 107. ಜುಲೈನಲ್ಲಿ ನೀರು ತುಂಬಿದ ಹೊಂಡ ಎಷ್ಟು ಆಳ ಎಂದು ಯಾರಿಗೂ ಕಾಣುವುದಿಲ್ಲ. ಅಂಥ ಹೊಂಡಕ್ಕೆ ಚಕ್ರ ಇಳಿದಾಗ ಏಟನ್ನು ನುಂಗುವುದು ಈ ರಬ್ಬರಿನ ಗೋಡೆ. ಅದು ಗಿಡ್ಡವಾದರೆ ಏಟು ರಿಮ್ಮಿಗೆ ಬೀಳುತ್ತದೆ. ಮರುದಿನ ನೋಡಿದರೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ. ಗುಳ್ಳೆ ಬಂದ ಟೈರಿನ ಒಳಗಿನ ದಾರ ಹರಿದಿರುತ್ತದೆ, ಅದಕ್ಕೆ ರಿಪೇರಿ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮಲೆನಾಡಿನಲ್ಲಿ ಓಡುವ ಗಾಡಿಗೆ ಕಂಪನಿ ಕೊಟ್ಟ ಅಳತೆಗಳಲ್ಲಿ ಎತ್ತರದ ಗೋಡೆಯದೇ ಸರಿ. ಆದರೆ 14ಕ್ಕೆ ಇಳಿಯುವ ಮುಂಚೆ ಆ ರಿಮ್ಮು ನಿಮ್ಮ ಮಾದರಿಯ ಬ್ರೇಕಿನ ಕ್ಯಾಲಿಪರಿಗೆ ತಾಗುವುದಿಲ್ಲವೇ ಎಂದು ಹಾಕಿ, ಕೈಯಲ್ಲಿ ತಿರುಗಿಸಿ ನೋಡಬೇಕು.

ಚಳಿಗಾಲದ ಟೈರು ನಮಗೆ ಬೇಕೇ?

ಲಡಾಖ್ ಪ್ರವಾಸದ ವಿಡಿಯೋ ನೋಡಿ ಹುಡುಗರು ಕೇಳುತ್ತಾರೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರುವ ಟೈರುಗಳು ಹಿಮದ ಮೇಲೆ ಪರೀಕ್ಷೆಯಾದವು. ಅವುಗಳ ರಬ್ಬರು ಸುಮಾರು 7 ಡಿಗ್ರಿಗಿಂತ ಕಡಿಮೆ ಚಳಿಯಲ್ಲೂ ಗಟ್ಟಿಯಾಗದೆ ಮೆತ್ತಗಿರುವಂತೆ ಮಾಡಿರುತ್ತಾರೆ. ನಮ್ಮ ಮಾಗಿ ಚಳಿ ಎಷ್ಟೇ ನಡುಗಿಸಿದರೂ ಹಗಲಿನ ಹೊತ್ತಿಗೆ ಡಾಂಬರು ಬಿಸಿಯಾಗಿಯೇ ಇರುತ್ತದೆ. ಬಿಸಿ ರಸ್ತೆಯಲ್ಲಿ ಆ ಮೆತ್ತನೆ ರಬ್ಬರು ಬೇಗ ಸವೆಯುತ್ತದೆ, ಬ್ರೇಕು ಹಾಕಿದಾಗ ಗಾಡಿ ನಿಲ್ಲುವುದಕ್ಕೆ ಹೆಚ್ಚು ದೂರ ಬೇಕಾಗುತ್ತದೆ. ಇಲ್ಲಿಗೆ ಅದು ಬೇಡ. ಬರೇ ಎಂ+ಎಸ್ ಎಂದಿರುವುದು ಬೇರೆ: ಕೆಸರು ಮತ್ತು ಹಿಮಕ್ಕೆ ಹೊಂದುವ ವಿನ್ಯಾಸ ಎಂದು ತಯಾರಕರೇ ಹಾಕಿಕೊಳ್ಳುವ ಗುರುತು ಅದು, ಪರೀಕ್ಷೆಯ ಮುದ್ರೆಯಲ್ಲ.

ಗ್ರಿಪ್ಪಿನ ವಿನ್ಯಾಸ

ಮಳೆಗೆ ಬೇಕಾದದ್ದು ಸುತ್ತಲೂ ಓಡುವ ಮೂರು ನಾಲ್ಕು ಅಗಲವಾದ ನೇರ ಸಾಲುಗಳು, ಅವುಗಳಿಂದ ಪಕ್ಕಕ್ಕೆ ಬಾಯಿ ತೆರೆದ ಅಡ್ಡ ಸಾಲುಗಳು. ಅಡ್ಡ ಸಾಲು ಭುಜದವರೆಗೂ ತೆರೆದಿದೆಯೇ ಎಂದು ಬೆರಳು ಹಾಕಿ ನೋಡಿ. ಕೆಲವು ಟೈರುಗಳಲ್ಲಿ ಅದು ನಡುವೆಯೇ ಮುಚ್ಚಿಕೊಂಡಿರುತ್ತದೆ. ಸದ್ದು ಕಡಿಮೆ ಮಾಡಲು ಹಾಗೆ ಮಾಡುತ್ತಾರೆ, ನೀರು ಹೊರಹೋಗುವುದಕ್ಕೆ ಅದು ಅಷ್ಟಾಗಿ ಸಹಾಯ ಮಾಡುವುದಿಲ್ಲ.

ದೊಡ್ಡ ದೊಡ್ಡ ಗಟ್ಟಿಗಳ ಮಡ್ ಟೆರೇನ್ ಟೈರು ಕಂಡರೆ ಮಳೆಗೆ ಇದೇ ಸರಿ ಅನ್ನಿಸುತ್ತದೆ. ಕೆಸರಿಗೆ ಸರಿ, ನಿಜ. ಒದ್ದೆ ಡಾಂಬರಿನ ಮೇಲೆ ಅದರ ಬ್ರೇಕು ಸಾಧಾರಣ ಟೈರಿಗಿಂತ ಕಡಿಮೆ. ದಣಪೆಯಿಂದ ಟಾರು ರಸ್ತೆಗೆ ಎರಡು ಮೂರು ಕಿಲೋಮೀಟರು ಕೆಮ್ಮಣ್ಣಿನ ಏರು ಇರುವವರು, ಜೀಪು ಇಟ್ಟುಕೊಂಡವರು ಆಲ್ ಟೆರೇನ್ ಟೈರು ಹಾಕಿಸಬಹುದು. ಮನೆ ಬಾಗಿಲಿನವರೆಗೂ ಕಾಂಕ್ರೀಟು ಬಂದಿರುವವರಿಗೆ ಸಾಧಾರಣ ರಸ್ತೆ ಟೈರೇ ಒಳ್ಳೆಯದು. ಒಂದು ಮಾತು: ಮರದ ನೆರಳಿನ ಕಾಂಕ್ರೀಟು ರಸ್ತೆಯ ಮೇಲೆ ಶ್ರಾವಣದ ಹೊತ್ತಿಗೆ ಕಟ್ಟುವ ಪಾಚಿಗೆ ಯಾವ ಕಂಪನಿಯ ಯಾವ ಟೈರೂ ಉತ್ತರವಲ್ಲ. ಅಲ್ಲಿ ನಿಧಾನ ಹೋಗುವುದು, ಇಲ್ಲವೇ ಸುಣ್ಣ, ಬ್ಲೀಚಿಂಗ್ ಪೌಡರು ಹಾಕಿ ಉಜ್ಜುವುದು.

ಅಂಗಡಿಯಲ್ಲಿ ಟೈರಿನ ಪಕ್ಕ ಓದುವುದು

ಟೈರನ್ನು ರಿಮ್ಮಿಗೆ ಏರಿಸುವ ಮುಂಚೆ ನಿಮ್ಮ ಕೈಗೆ ಕೇಳಿ. ಪಕ್ಕದಲ್ಲಿ ಒಂದು ಉದ್ದದ ಅಂಡಾಕಾರದೊಳಗೆ ನಾಲ್ಕು ಅಂಕೆ ಇರುತ್ತವೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು. ಕೆಲವು ಟೈರಿನಲ್ಲಿ ಇದು ಒಂದೇ ಪಕ್ಕದಲ್ಲಿ ಇರುತ್ತದೆ, ತಿರುಗಿಸಿ ನೋಡಿ. ಒಂದು ವರ್ಷಕ್ಕಿಂತ ಹಳೆಯದಾದರೆ ಬೇರೆ ಕೊಡಿ ಎನ್ನಿ, ಸಂಕೋಚ ಬೇಡ.

ನಮ್ಮಲ್ಲಿ ಈ ದಿನಾಂಕ ಇನ್ನೂ ಒಂದು ಕಾರಣಕ್ಕೆ ಮುಖ್ಯ. ತೋಟದ ಮನೆಯವರ ಕಾರು ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರು ಓಡಿದರೆ ಹೆಚ್ಚು. ಗ್ರಿಪ್ಪು ಸವೆಯುವುದೇ ಇಲ್ಲ, ಆದರೆ ರಬ್ಬರಿಗೆ ವಯಸ್ಸಾಗುತ್ತದೆ. ಆರು ವರ್ಷದ ಟೈರಿಗೆ ಉಗುರು ಒತ್ತಿ ನೋಡಿ: ಹೊಸ ಟೈರಿನ ಹಾಗೆ ಉಗುರು ಇಳಿಯುವುದಿಲ್ಲ, ಸಾಲುಗಳ ತಳದಲ್ಲಿ ಕೂದಲೆಳೆಯ ಬಿರುಕು ಕಾಣುತ್ತದೆ. "ಗ್ರಿಪ್ ಇನ್ನೂ ಹೊಸದರ ಹಾಗಿದೆ" ಎಂದು ಅದನ್ನೇ ಓಡಿಸುವವರು ನಮ್ಮೂರಲ್ಲಿ ಬೇಕಾದಷ್ಟು ಜನ. ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಕಚ್ಚುವುದಿಲ್ಲ. ಐದು ವರ್ಷವಾದ ಮೇಲೆ ಪ್ರತಿ ವರ್ಷ ತೋರಿಸಿ, ಆರೇಳಕ್ಕೆ ತೆಗೆದುಬಿಡಿ.

ಇನ್ನು ಉಳಿದ ಗುರುತುಗಳು. ಐಎಸ್‌ಐ ಮುದ್ರೆ ಇರಲೇಬೇಕು. ಕೆಲವು ಟೈರುಗಳ ಮೇಲೆ ಟ್ರಾಕ್ಷನ್ ಎಂದು ಎಎ, ಎ, ಬಿ, ಸಿ ದರ್ಜೆ ಇರುತ್ತದೆ. ಒದ್ದೆ ರಸ್ತೆಯಲ್ಲಿ ನೇರ ಬ್ರೇಕಿನ ಹಿಡಿತದ ದರ್ಜೆ ಅದು, ಎ ಅಥವಾ ಮೇಲಿನದನ್ನು ತೆಗೆದುಕೊಳ್ಳಿ. ಅದರ ಪಕ್ಕದಲ್ಲೇ ಟ್ರೆಡ್‌ವೇರ್ ಎಂದು 300, 400 ಎಂಬ ಅಂಕೆ. ಇದು ಬಾಳಿಕೆಗೆ ಸಂಬಂಧಿಸಿದ್ದು. ಬಾಳಿಕೆಯ ಆಸೆಗೆ ಒದ್ದೆಯ ಹಿಡಿತ ಬಿಟ್ಟುಕೊಡಬೇಡಿ. ರೊಟೇಷನ್ ಎಂದು ಬಾಣದ ಗುರುತಿದ್ದರೆ ಗಾಡಿ ಮುಂದೆ ಹೋಗುವಾಗ ಚಕ್ರ ಬಾಣದ ದಿಕ್ಕಿಗೇ ತಿರುಗಬೇಕು. ಔಟ್‌ಸೈಡ್ ಎಂದಿದ್ದರೆ ಆ ಪಕ್ಕ ಹೊರಗಿರಬೇಕು. ಬಾಣದ ಟೈರನ್ನು ಉಲ್ಟಾ ಹಾಕಿದರೆ ನೀರನ್ನು ಹೊರಗೆ ತಳ್ಳಬೇಕಾದ ಸಾಲುಗಳು ಒಳಕ್ಕೆ ಎಳೆಯುತ್ತವೆ. ಅವಸರದ ದಿನ ಈ ತಪ್ಪು ಸುಲಭವಾಗಿ ನಡೆದುಹೋಗುತ್ತದೆ.

ಹಳೆಯ ಟೈರು ಇನ್ನೂ ಒಂದು ಮಳೆಗಾಲ ಬರುತ್ತದೆಯೇ ಎಂಬುದಕ್ಕೆ: ಸಾಲುಗಳ ನಡುವೆ ಅಲ್ಲಲ್ಲಿ ಸಣ್ಣ ಅಡ್ಡಗಟ್ಟೆಗಳಿವೆ, 1.6 ಮಿಲಿಮೀಟರು ಎತ್ತರ. ಗ್ರಿಪ್ಪು ಆ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರವೇ ಟೈರಿನ ಆಯಸ್ಸು ಮುಗಿಯಿತು. ಹೊಸ ಟೈರಿನಲ್ಲಿ ಸಾಲಿನ ಆಳ ಏಳೆಂಟು ಮಿಲಿಮೀಟರು. ನಮ್ಮ ಮಳೆಗೆ 3 ಮಿಲಿಮೀಟರಿಗೇ ಬದಲಾಯಿಸಬೇಕು ಎನ್ನುವುದು ನನ್ನ ಗಟ್ಟಿ ಮಾತು. ಬೆಂಕಿಕಡ್ಡಿಯನ್ನು ಸಾಲಿಗಿಳಿಸಿ ಉಗುರಿನಲ್ಲಿ ಗುರುತು ಹಿಡಿದು ಸ್ಕೇಲಿಗೆ ಇಟ್ಟು ನೋಡಿದರೆ ಸಾಕು. ನಡುವೆ, ಒಳಬದಿ, ಹೊರಬದಿ ಮೂರೂ ಕಡೆ ಅಳೆಯಿರಿ. ಒಳಬದಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ, ಹೊಸ ಟೈರು ಹಾಕಿದರೂ ಅದೇ ಗತಿ.

ವೀಲು: ಹೆಚ್ಚು ಜನ ಎಡವುವುದು ಇಲ್ಲೇ

ನಮ್ಮ ಭಾವ ಎರಡು ವರ್ಷದ ಹಿಂದೆ ತಮ್ಮ ಸ್ವಿಫ್ಟಿಗೆ ಒಂದು ಸೆಟ್ ಹಳೆಯ ಅಲಾಯ್ ವೀಲು ಹಾಕಿಸಿದರು. ಹೋಂಡಾ ಕಾರೊಂದರಿಂದ ಬಿಚ್ಚಿದ್ದು, 15 ಇಂಚು, ನಾಲ್ಕು ನಟ್ಟು, ನೋಡಲು ಹೊಸತರ ಹಾಗಿತ್ತು. "ಎರಡೂ ಒಂದೇ ಪಿಸಿಡಿ, ಹಾಗೇ ಕೂರುತ್ತೆ" ಎಂದು ಮಾರಿದವರು ಹೇಳಿದ್ದರು. ಕೂತಿತ್ತು ಕೂಡ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವಾಗ ಸಕ್ರೆಬೈಲು ದಾಟಿ ಸ್ವಲ್ಪ ವೇಗ ಹಿಡಿದರೆ ಸ್ಟೇರಿಂಗ್ ನಡುಗುತ್ತಿತ್ತು.

"ಬ್ಯಾಲೆನ್ಸಿಂಗ್ ಎರಡು ಸಲ ಮಾಡಿಸಿ ಆಯ್ತು ಮಾರಾಯ, ನಡುಗುವುದು ಹೋಗ್ತಾ ಇಲ್ಲ" ಎಂದರು.

"ಒಮ್ಮೆ ವೀಲ್ ಬಿಚ್ಚಿ ನೋಡೋಣ ಭಾವ" ಎಂದೆ.

ಅಂಗಳದಲ್ಲಿ ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದೆವು. ನಾಲ್ಕನೆಯ ನಟ್ಟು ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಪಾನಾದ ಮೇಲೆ ನಿಂತು ತಿರುಗಿಸಿದ ಮೇಲೆ ಬಂತು, ಜೊತೆಗೆ ಬೋಲ್ಟಿನ ಮರೆಯಿಂದ (ಥ್ರೆಡ್ಡಿನಿಂದ) ಸುರುಳಿ ಸುರುಳಿಯಾಗಿ ಕಬ್ಬಿಣದ ಎಳೆ. ವೀಲನ್ನು ಮತ್ತೆ ಹಬ್ಬಿಗೆ, ಅಂದರೆ ಗಾಡಿಯಲ್ಲಿ ಚಕ್ರ ಕೂರುವ ಭಾಗಕ್ಕೆ, ಇಟ್ಟು ಕೈಯಲ್ಲಿ ಆಡಿಸಿದರೆ ಲಟಲಟ ಎನ್ನುತ್ತಿತ್ತು. ನಡುವಿನ ತೂತಿನ ಅಂಚಿಗೂ ಹಬ್ಬಿಗೂ ನಡುವೆ ಉಗುರು ತೂರುವಷ್ಟು ಸಂದು.

ಆಗಿದ್ದು ಇಷ್ಟು. ಪಿಸಿಡಿ ಅಂದರೆ ನಟ್ಟುಗಳು ಕೂರುವ ವೃತ್ತದ ವ್ಯಾಸ. ಸ್ವಿಫ್ಟಿಗೂ ಹೋಂಡಾ ಅಮೇಜಿಗೂ ಅದು 4×100: ನಾಲ್ಕು ನಟ್ಟು, 100 ಮಿಲಿಮೀಟರಿನ ವೃತ್ತ. ಆದರೆ ನಡುವಿನ ತೂತು, ಅಂದರೆ ಸೆಂಟರ್ ಬೋರ್, ಸ್ವಿಫ್ಟಿನಲ್ಲಿ 54.1 ಮಿಲಿಮೀಟರು, ಅಮೇಜಿನಲ್ಲಿ 56.1. ಎರಡು ಮಿಲಿಮೀಟರು ಸಡಿಲ. ಕಂಪನಿಯ ವೀಲು ಹಬ್ಬಿನ ಮೇಲೆ ಬಿಗಿಯಾಗಿ ಕೂತು ನಟ್ಟನಡುವೆ ನಿಲ್ಲುತ್ತದೆ. ಇದು ಯಾವುದೋ ಒಂದು ಬದಿಗೆ ಸರಿದು ಕೂತಿತ್ತು, ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಸರಿಯಾಗಿ ತಿರುಗಿದರೂ ಗಾಡಿಯ ಮೇಲೆ ನಡುಗುತ್ತಿತ್ತು. ಇದಕ್ಕೆ ಪರಿಹಾರ ಸಣ್ಣದು: 56.1ರಿಂದ 54.1ಕ್ಕೆ ಇಳಿಸುವ ಹಬ್ ರಿಂಗ್. ತೂತು ಹಬ್ಬಿಗಿಂತ ಚಿಕ್ಕದಾದರೆ ಮಾತ್ರ ಏನೂ ಮಾಡುವಂತಿಲ್ಲ, ಆ ವೀಲು ಬಿಟ್ಟುಬಿಡಿ.

ನಟ್ಟಿನ ಕಥೆ ಇನ್ನೂ ಗಂಭೀರ. ಸುಜುಕಿಯ ಬೋಲ್ಟಿನ ಮರೆ ಎಂ12×1.25. ಹೋಂಡಾ, ಹ್ಯುಂಡೈ ಕಾರುಗಳದ್ದು ಎಂ12×1.5. ದಪ್ಪ ಒಂದೇ, ಮರೆಯ ಅಂತರ ಬೇರೆ. ಎರಡು ಸುತ್ತು ಕೈಯಲ್ಲಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಗಾಳಿ ಗನ್ನಿನಲ್ಲಿ ಹೊಡೆದರೆ ಮರೆಯನ್ನೇ ಕಡಿದುಕೊಂಡು ಒಳಗೆ ಹೋಗುತ್ತದೆ. ವೀಲಿನ ಜೊತೆ ಬಂದ ನಟ್ಟನ್ನೇ ಭಾವನ ಗಾಡಿಗೂ ಹೊಡೆದಿದ್ದರು. ಇನ್ನೊಂದು, ಹೋಂಡಾದ ಕಂಪನಿ ವೀಲಿನಲ್ಲಿ ನಟ್ಟು ಕೂರುವ ಗುಂಡಿ ಗೋಲಿಯ ಆಕಾರದ್ದು. ಬೇರೆ ಬಹಳಷ್ಟು ವೀಲುಗಳಲ್ಲಿ ಅದು ಆಲಿಕೆಯ ಹಾಗೆ ಇಳಿಜಾರಾಗಿರುತ್ತದೆ. ಗೋಲಿ ಗುಂಡಿಗೆ ಇಳಿಜಾರು ನಟ್ಟು ಹಾಕಿದರೆ ಅಂಚು ಮಾತ್ರ ಮುಟ್ಟುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಸ್ವಿಫ್ಟಿನ ಮರೆ, ಗೋಲಿ ಆಕಾರದ ತಳ ಎರಡೂ ಒಂದೇ ನಟ್ಟಿನಲ್ಲಿ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಭಾವ ಎಂಟು ಬೋಲ್ಟು ಬದಲಾಯಿಸಿ ಹಳೆಯ ಕಬ್ಬಿಣದ ವೀಲಿಗೇ ಮರಳಿದರು.

ಹಾಗಾಗಿ ವೀಲು ಕೊಳ್ಳುವ ಮುಂಚೆ ಚೀಟಿಯಲ್ಲಿ ಆರು ವಿಷಯ ಬರೆದುಕೊಳ್ಳಿ: ವ್ಯಾಸ, ಅಗಲ, ಪಿಸಿಡಿ, ಸೆಂಟರ್ ಬೋರ್, ಆಫ್‌ಸೆಟ್, ನಟ್ಟಿನ ಮರೆ ಮತ್ತು ಅದರ ತಳದ ಆಕಾರ. ವೀಲಿನ ಹಿಂಭಾಗದಲ್ಲಿ 5.5ಜೆ×15, ಇಟಿ45 ಎಂಬಂತೆ ಅಚ್ಚು ಹಾಕಿರುತ್ತಾರೆ. 5.5 ಅಂದರೆ ರಿಮ್ಮಿನ ಅಗಲ ಇಂಚಿನಲ್ಲಿ. 185/65 ಆರ್15 ಟೈರಿಗೆ 5ರಿಂದ 6.5 ಇಂಚಿನ ರಿಮ್ಮು ಹೊಂದುತ್ತದೆ. ಇಟಿ ಅಂದರೆ ಆಫ್‌ಸೆಟ್: ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ಮಿಲಿಮೀಟರು ಹೊರಗಿದೆ ಎಂಬುದು.

ಇದರ ಪರಿಣಾಮ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 5.5 ಇಂಚಿನ ಅರ್ಧ 69.85 ಮಿಲಿಮೀಟರು. ಇಟಿ45 ಕಳೆದರೆ ವೀಲು ಹಬ್ಬಿನ ಮುಖದಿಂದ ಹೊರಗೆ 24.85 ಚಾಚಿದೆ. ಅದರ ಬದಲು 6.5 ಇಂಚು, ಇಟಿ35 ಹಾಕಿದರೆ ಅರ್ಧ 82.55, 35 ಕಳೆದರೆ 47.55. ಚಕ್ರ 22.7 ಮಿಲಿಮೀಟರು ಹೊರಕ್ಕೆ ಬಂತು. ನೋಡಲು ಗತ್ತಾಗಿರುತ್ತದೆ. ಆದರೆ ಕೆಸರು ಬಾಗಿಲಿಗೂ ಕನ್ನಡಿಗೂ ರಾಚುತ್ತದೆ, ತುಂಬಿದ ಗಾಡಿ ಹಂಪು ಹಾರಿದಾಗ ಮಡ್‌ಗಾರ್ಡಿನ ಅಂಚು ಟೈರನ್ನು ಕೊಯ್ಯುತ್ತದೆ, ಬೇರಿಂಗಿನ ಮೇಲೆ ಭಾರ ಹೆಚ್ಚುತ್ತದೆ, ಒಂದು ಚಕ್ರ ನೀರಿಗೆ ಬಿದ್ದಾಗ ಸ್ಟೇರಿಂಗ್ ಆ ಕಡೆಗೆ ಜಗ್ಗುತ್ತದೆ. ಕಂಪನಿಯ ಆಫ್‌ಸೆಟ್‌ನಿಂದ ಐದು ಮಿಲಿಮೀಟರಿನೊಳಗೆ ಇರುವುದು ಒಳ್ಳೆಯದು.

ಕಬ್ಬಿಣವೋ ಅಲಾಯೋ? ಹೊಂಡಕ್ಕೆ ಬಿದ್ದರೆ ಕಬ್ಬಿಣದ ರಿಮ್ಮು ಬಗ್ಗುತ್ತದೆ, ಬಡಿದು ಸರಿಮಾಡಬಹುದು. ಅಲಾಯ್ ಬಿರುಕು ಬಿಡುತ್ತದೆ. ಕಬ್ಬಿಣಕ್ಕೆ ತುಕ್ಕಿನ ಕಾಟವಿದೆ: ಟೈರು ಕೂರುವ ಅಂಚಿನಲ್ಲಿ ತುಕ್ಕು ಹಿಡಿದು ವಾರಕ್ಕೆ ಐದಾರು ಪಿಎಸ್‌ಐ ಗಾಳಿ ಇಳಿಯುತ್ತದೆ, ಪಂಕ್ಚರು ಹುಡುಕಿದರೆ ಸಿಗುವುದಿಲ್ಲ. ಟೈರು ಬದಲಾಯಿಸುವ ದಿನವೇ ಅಂಚನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿಸಿ, ಹೊಸ ವಾಲ್ವ್ ಹಾಕಿಸಿ. ಕಂಪನಿಯ ಅಲಾಯ್ ಇದ್ದವರು ಅದನ್ನೇ ಇಟ್ಟುಕೊಳ್ಳಿ. ಚೆಂದಕ್ಕಾಗಿ ಹೊಸದಾಗಿ ಕೊಳ್ಳುವ ದುಡ್ಡಿದ್ದರೆ ಒಳ್ಳೆಯ ಟೈರಿಗೆ ಹಾಕಿ.

ಹಾಕಿಸುವಾಗ ಅಲ್ಲೇ ನಿಂತಿರಿ

ಎರಡೇ ಟೈರಿಗೆ ದುಡ್ಡು ಹೊಂದಿದ್ದರೆ ಹೊಸ ಜೋಡಿ ಹಿಂದಕ್ಕೆ ಹೋಗಲಿ. ಇದನ್ನು ಒಪ್ಪುವವರು ಕಡಿಮೆ. ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನು, ಸವೆಯುವುದೂ ಅದೇ, ಹೊಸದು ಅಲ್ಲಿಗೇ ಹಾಕಬೇಕು ಎಂದು ಅಂಗಡಿಯವರೂ ವಾದಿಸುತ್ತಾರೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವುದನ್ನು ನೆನೆಸಿಕೊಳ್ಳಿ. ಇಳುಕಲಿನಲ್ಲಿ ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂಭಾಗ ಹಗುರಾಗುತ್ತದೆ. ಮುಂದಿನದು ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ಕಾಲು ಸಡಿಲಿಸಿದರೆ ಮತ್ತೆ ಹಿಡಿಯುತ್ತದೆ. ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಕೈ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಒಂದೇ ಅಚ್ಚಿನ (ಆಕ್ಸಲ್) ಮೇಲೆ ಎರಡು ಬೇರೆ ಟೈರು ಮಾತ್ರ ಯಾವತ್ತೂ ಬೇಡ.

ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಲು ಹೇಳಿ. ಐದಾರು ಸುತ್ತು ಸಲೀಸಾಗಿ ಹೋಗಬೇಕು. ಆಮೇಲೆ ಎದುರುಬದುರಾಗಿ ಬಿಗಿಯಬೇಕು. ಕೊನೆಯ ಬಿಗಿತ ಗಾಳಿ ಗನ್ನಿನಲ್ಲಿ ಬೇಡ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಆಗಲಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರು, ನಿಮ್ಮ ಗಾಡಿಯದ್ದು ಪುಸ್ತಕದಲ್ಲಿದೆ. ಅತಿಯಾಗಿ ಬಿಗಿದ ನಟ್ಟು ರಾತ್ರಿ ಮಳೆಯಲ್ಲಿ ಪಂಕ್ಚರಾದಾಗ ಬಿಚ್ಚಲು ಬರುವುದಿಲ್ಲ. 50ರಿಂದ 100 ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಅದೇ ದಿನ ಮುಗಿಸಿಕೊಳ್ಳಿ.

ಆಮೇಲೆ ಎಂದಾದರೂ ಮಳೆಗಾಲದಲ್ಲಿ ಸ್ಟೇರಿಂಗ್ ನಡುಗಿದರೆ ಅಂಗಡಿಗೆ ಓಡುವ ಮೊದಲು ಚಕ್ರದ ಒಳಬದಿಗೆ ಜೋರಾಗಿ ನೀರು ಬಿಡಿ. ಕೆಮ್ಮಣ್ಣು ರಿಮ್ಮಿನೊಳಗೆ ಒಂದೇ ಕಡೆ ಮೆತ್ತಿ ಒಣಗಿದರೆ ಸಾಕು, ನಡುಕ ಶುರುವಾಗುತ್ತದೆ. ತೊಳೆದರೆ ಹೋಗುತ್ತದೆ.

ಗಾಳಿ, ಮೊದಲ ದಿನಗಳು

"ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಮ್ಮಿ ಇಡಿ, ಹಿಡಿತ ಸಿಗುತ್ತೆ" ಎನ್ನುವ ಮಾತು ಕೆಸರು ಗದ್ದೆಯ ದಾರಿಗೆ ಸರಿ, ಹೆದ್ದಾರಿಗೆ ಅಪಾಯ. ನಾಸಾದ ಸಂಶೋಧಕರು 1963ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಂತ ನೀರಿನ ಮೇಲೆ ಟೈರು ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಆ ಸೂತ್ರ ವಿಮಾನದ ಟೈರುಗಳ ಪರೀಕ್ಷೆಯಿಂದ ಬಂದದ್ದು, ಆದರೂ ಅಂದಾಜಿಗೆ ಉಪಯುಕ್ತ: 33 ಪಿಎಸ್‌ಐನಲ್ಲಿ ಗಂಟೆಗೆ ಸುಮಾರು 95 ಕಿಲೋಮೀಟರು, 22ಕ್ಕೆ ಇಳಿದರೆ 78. ಸ್ಟಿಕ್ಕರಿನಲ್ಲಿರುವಷ್ಟು ಗಾಳಿ ಹಾಕಿ, ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ. ಅಡಿಕೆ ತುಂಬಿ ಹೋಗುವ ದಿನ ಹಿಂದಿನ ಚಕ್ರಕ್ಕೆ ಪೂರ್ತಿ ಹೊರೆಗೆಂದು ಕೊಟ್ಟಿರುವ ಅಂಕೆ ನೋಡಿ.

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ಪದರ ಇರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರು ಸಮಾಧಾನವಾಗಿ ಓಡಿಸಿ, ಸಾಧ್ಯವಾದರೆ ಒಣ ರಸ್ತೆಯಲ್ಲೇ. ಮೇ ತಿಂಗಳಲ್ಲೇ ಹಾಕಿಸಿ ಎಂದದ್ದು ಇದಕ್ಕೂ ಸೇರಿ.

ಡಿಕ್ಕಿಯ ತಳದಲ್ಲಿರುವ ಸ್ಟೆಪ್ನಿಯನ್ನೂ ಅದೇ ದಿನ ಹೊರಗೆ ತೆಗೆಯಿರಿ. ದಿನಾಂಕ ಓದಿ, ಗಾಳಿ ತುಂಬಿಸಿ, ಹೊಸ ವೀಲಿನ ನಟ್ಟು ಸ್ಟೆಪ್ನಿಯ ಕಬ್ಬಿಣದ ರಿಮ್ಮಿಗೂ ಸರಿಯಾಗಿ ಕೂರುತ್ತದೆಯೇ ಒಮ್ಮೆ ಹಾಕಿ ನೋಡಿ. ಕೂರದಿದ್ದರೆ ಹಳೆಯ ನಾಲ್ಕು ನಟ್ಟನ್ನು ಬಟ್ಟೆಯಲ್ಲಿ ಕಟ್ಟಿ, ಜಾಕಿನ ಪಕ್ಕದಲ್ಲೇ ಇಡಿ.